ಜ್ವರದ ಕಡ್ಡಿ ಕಾರ್ಖಾನೆಯ ಕಿಟಕಿಗಳು

ನಮ್ಮೂರಿನಲ್ಲಿ ಮಾತಿಗೆ ಕೂರುವ ಮೊದಲು ಉಪ್ಪಿನಕಾಯಿ ಜಾಡಿಗೆ ಮುಚ್ಚಳ ಹಾಕುತ್ತಾರೆ. ಹಾಲಿನ ಪಾತ್ರೆ, ಹಿಟ್ಟಿನ ಡಬ್ಬ, ಅರ್ಧ ಕುಡಿದಿಟ್ಟ ನೀರಿನ ಚೆಂಬು, ತೆರೆದದ್ದು ಏನೇ ಇದ್ದರೂ ಅದರ ಬಾಯಿ ಮುಚ್ಚಿದ ಮೇಲೆಯೇ ನಾವು ನಮ್ಮ ಬಾಯಿ ಬಿಡುವುದು. ಇಲ್ಲದಿದ್ದರೆ ಮಾತು ಹೋಗಿ ಪಾತ್ರೆಯಲ್ಲಿ ಕೂರುತ್ತದೆ. ನಮ್ಮ ಬೀದಿಯ ಸಾವಂತ್ರಕ್ಕ ಒಮ್ಮೆ ತೆರೆದ ಜಾಡಿಯ ಮುಂದೆ ಕೂತು ನಾದಿನಿಯ ಬಗ್ಗೆ ಇಲ್ಲಸಲ್ಲದ್ದೆಲ್ಲ ಆಡಿ, ಆಮೇಲೆ ಮುಚ್ಚಳ ಬಿಗಿದು ಅಟ್ಟದ ಮೇಲಿಟ್ಟಳು. ಹಬ್ಬದ ದಿನ ಆ ಜಾಡಿಯನ್ನು ಇಳಿಸಿ ತೆರೆದವಳು ನಾದಿನಿಯೇ. ಆ ಮನೆಯಲ್ಲಿ ಇವತ್ತಿಗೂ ಎರಡು ಒಲೆ ಉರಿಯುತ್ತವೆ.

ಕೋಣೆಯೊಳಗಿನ ಮಾತಿನ ರೀತಿ ಬೇರೆ. ಬದುಕಿರುವವರ ಮಾತು, ಸಂಜೆ ಅವರು ಎದ್ದು ಹೊರಟಾಗ ಸೆರಗು ಹಿಡಿದ ಮಗುವಿನ ಹಾಗೆ ಅವರ ಹಿಂದೆಯೇ ಬಾಗಿಲು ದಾಟಿ ಹೋಗುತ್ತದೆ. ಸತ್ತವರ ಮಾತಿಗೆ ಹಿಂದೆ ಹೋಗಲು ಯಾರೂ ಇಲ್ಲ. ಅದು ಕೋಣೆಯಲ್ಲೇ ತಣ್ಣಗೆ ನೆಲಕ್ಕಿಳಿದು ಮಲಗಿರುತ್ತದೆ. ಬಿಸಿಲೇರಿದಾಗಲೋ ಒಲೆ ಹೊತ್ತಿಸಿದಾಗಲೋ ಮೆಲ್ಲಗೆ ಎದ್ದು ಕೇಳಿಸುತ್ತದೆ. ಅದು ಹೋಗುವುದು ಕಿಟಕಿಯಿಂದ ಮಾತ್ರ. ಹಾಗಾಗಿ ಯಾರಾದರೂ ತೀರಿಕೊಂಡರೆ ತಿಥಿಯ ದಿನದವರೆಗೆ ಅವರಿದ್ದ ಕೋಣೆಯ ಕಿಟಕಿಗಳನ್ನು ಮುಚ್ಚಿಡುತ್ತಾರೆ. ಅಷ್ಟು ದಿನ ಮನೆಯವರು ಕೇಳಿಸಿಕೊಳ್ಳಬಹುದು. ತಿಥಿಯ ಮಧ್ಯಾಹ್ನ ಬಂಧುಬಳಗವೆಲ್ಲ ಬೀದಿಯಲ್ಲಿ ಕಿಟಕಿಯ ಕೆಳಗೆ ನಿಲ್ಲುತ್ತದೆ, ಹತ್ತಿರದವರೊಬ್ಬರು ಒಳಗಿನಿಂದ ಕಿಟಕಿ ತೆರೆಯುತ್ತಾರೆ, ಮಾತು ಎಲ್ಲರ ತಲೆಯ ಮೇಲಿಂದ ಹಾದು ಹೋಗುತ್ತದೆ. ದೊಡ್ಡ ಮಾತೇನೂ ಇರುವುದಿಲ್ಲ. ಸಾರಿಗೆ ಉಪ್ಪು ಸಾಲದು, ಹಸುವಿಗೆ ನೀರಿಟ್ಟೆಯಾ, ನನ್ನ ಕನ್ನಡಕ ಎಲ್ಲಿ, ಇಂಥವೇ. ಆಮೇಲೆ ಎಲ್ಲರೂ ಸ್ನಾನ ಮಾಡಿ ಊಟಕ್ಕೆ ಕೂರುತ್ತಾರೆ.

ನನ್ನ ದೊಡ್ಡಮ್ಮ ನೀಲಾಂಬಮ್ಮ, ದೊಡ್ಡಪ್ಪ ತೀರಿಕೊಂಡಾಗ ಮನೆಯ ಕಿಟಕಿಗಳನ್ನು ಹೀಗೆಯೇ ಕ್ರಮವಾಗಿ ತೆರೆದಳು. ಕಾರ್ಖಾನೆಯ ಕಿಟಕಿಗಳನ್ನು ತೆರೆಯಲಿಲ್ಲ.

ಕಾರ್ಖಾನೆ ಎಂದರೆ ಏನೋ ಭಾರಿಯದು ಅಂದುಕೊಳ್ಳಬೇಡಿ. ಒಂದು ಉದ್ದ ಕೋಣೆ, ಕಡಪ ಕಲ್ಲಿನ ನೆಲ, ಬೀದಿಯ ಕಡೆಗೆ ಸಾಲು ಕಿಟಕಿ, ಒಳಗೆ ಕೆಲವು ಮೇಜು. ಅಲ್ಲಿ ನಾವು ಥರ್ಮಾಮೀಟರು ಮಾಡುತ್ತೇವೆ. ಊರಿನವರ ಬಾಯಲ್ಲಿ ಅದು ಜ್ವರದ ಕಡ್ಡಿ. ಶುರು ಮಾಡಿದವರು ದೊಡ್ಡಪ್ಪ ಕಾಳಾಚಾರ್ರು. ಅವರಪ್ಪ ಬೆಳ್ಳಿ ಕೆಲಸದವರು. ಇವರು ಅದನ್ನು ಬಿಟ್ಟು ಪಾದರಸದ ಬೆನ್ನು ಹತ್ತಿದರು. ಜುಬೇದಾ ಗಾಜಿನ ಕಡ್ಡಿಯ ತುದಿಯನ್ನು ಉರಿಗೆ ಹಿಡಿದು ಊದಿ ಸಣ್ಣ ಬುರುಡೆ ಮಾಡುತ್ತಾಳೆ. ಹೊನ್ನಪ್ಪ ಆ ಕಡ್ಡಿಯನ್ನು ಕಾಯಿಸಿ ಅದರ ಬಾಯನ್ನು ಪಾದರಸದ ಬಟ್ಟಲಿಗೆ ಅದ್ದುತ್ತಿದ್ದ. ಕಡ್ಡಿ ತಣಿಯುತ್ತ ತಣಿಯುತ್ತ ಪಾದರಸವನ್ನು ತಾನೇ ಕುಡಿಯುತ್ತಿತ್ತು. ಅಳತೆಯ ಗೆರೆ ಹಾಕುವವಳು ನಾನು, ದಾಕ್ಷಾಯಣಿ. ಕೊನೆಗೆ ದೊಡ್ಡಮ್ಮ ಹತ್ತಿ ಸುತ್ತಿ ಡಬ್ಬಿಗೆ ತುಂಬುತ್ತಿದ್ದಳು. ಈ ಸರಪಳಿಯಲ್ಲಿ ಎಲ್ಲೋ ಒಂದು ಕಡ್ಡಿ ಒಡೆಯುವುದು, ಎಲ್ಲೋ ಒಂದು ಹನಿ ಚೆಲ್ಲುವುದು ಮಾಮೂಲು. ಜುಬೇದಾ ಕೋಳಿಪುಕ್ಕದಿಂದ ಗುಡಿಸಿದಷ್ಟು ಗುಡಿಸುತ್ತಿದ್ದಳು. ಉಳಿದದ್ದು ಕಲ್ಲಿನ ಸಂದಿಗೆ ಇಳಿಯುತ್ತಿತ್ತು.

ಮಧ್ಯಾಹ್ನದ ಹೊತ್ತು ಆ ಕೋಣೆಯನ್ನು ನೀವು ನೋಡಬೇಕಿತ್ತು. ಮುಚ್ಚಿದ ಕಿಟಕಿಯ ಗಾಜಿನಿಂದ ಬಿಸಿಲು ಓರೆಯಾಗಿ ಬಿದ್ದು, ಸಂದುಗಳಲ್ಲಿ ಬೆಳ್ಳಿಯ ಇರುವೆಗಳು ಸಾಲುಗಟ್ಟಿದ ಹಾಗೆ ಪಾದರಸದ ಹನಿಗಳು ಹೊಳೆಯುತ್ತಿದ್ದವು. ಉರಿಯ ಸೆಕೆಗೆ ಕಣ್ಣು ಎಳೆಯುತ್ತಿತ್ತು. ಗಾಳಿ ಒಂದಿಷ್ಟೂ ಅಲುಗುತ್ತಿರಲಿಲ್ಲ. ಆ ಹೊತ್ತಿಗೆ ದೊಡ್ಡಪ್ಪನ ದನಿ ಏಳುತ್ತಿತ್ತು. ಮೊದಲು ಕೆಮ್ಮು. ಆಮೇಲೆ ‘ಉರಿ ಸಣ್ಣ ಮಾಡು ಹೊನ್ನ’ ಎಂಬ ಮಾತು. ಹೊನ್ನಪ್ಪ ತಿರುಗಿಯೂ ನೋಡದೆ ಉರಿ ಸಣ್ಣ ಮಾಡುತ್ತಿದ್ದ. ಜುಬೇದಾ ಅಭ್ಯಾಸಬಲದಿಂದ ಆಯ್ತು ಯಜಮಾನ್ರೇ ಅನ್ನುತ್ತಿದ್ದಳು. ಅವರು ಹೋಗಿ ವರ್ಷಗಳೇ ಆಗಿದ್ದವು, ಆದರೂ ಆ ಕೋಣೆಯಲ್ಲಿ ಯಜಮಾನರಿಲ್ಲ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ನನಗೂ ಅದು ಇಷ್ಟವೇ ಆಗಿತ್ತು. ಅಪ್ಪನಿಲ್ಲದ ನನ್ನನ್ನು ಸಾಕಿದವರು ಅವರು.

ಕಿಟಕಿ ಯಾಕೆ ಮುಚ್ಚಿದ್ದೀರಿ ಎಂದು ಯಾರಾದರೂ ಕೇಳಿದರೆ ಗಾಳಿಗೆ ಉರಿ ಅಲುಗುತ್ತದೆ ಎಂದು ದೊಡ್ಡಮ್ಮ ಹೇಳುತ್ತಿದ್ದಳು. ಅದು ಸುಳ್ಳಲ್ಲ. ನಿಜ ಏನೆಂದು ಊರಿಗೆಲ್ಲ ಗೊತ್ತಿತ್ತು, ಆದರೆ ಗಂಡನನ್ನು ಕಳೆದುಕೊಂಡವಳ ಜತೆ ಕಿಟಕಿಯ ವಿಷಯಕ್ಕೆ ಜಗಳಕ್ಕೆ ಹೋಗುವಷ್ಟು ಕೆಟ್ಟವರು ನಮ್ಮೂರಿನಲ್ಲಿಲ್ಲ. ಅವಳು ಸ್ಟೂಲಿನ ಮೇಲೆ ಕೂರುತ್ತಿರಲಿಲ್ಲ. ಹೊನ್ನಪ್ಪನ ಮೇಜಿನ ಪಕ್ಕ ನೆಲದ ಮೇಲೆ ಚಾಪೆ ಹಾಸಿಕೊಂಡಿರುತ್ತಿದ್ದಳು. ಹಳೆಯ ಮಾತು ಭಾರ; ಎಷ್ಟೇ ಬಿಸಿಯಾದರೂ ಮೊಣಕಾಲಿಗಿಂತ ಮೇಲೆ ಏರದ ಮಾತುಗಳಿರುತ್ತವೆ. ನಮಗೆ ಕೇಳಿಸುತ್ತಿದ್ದುದು ಕೆಮ್ಮು ಮತ್ತು ಉರಿಯ ಮಾತು ಮಾತ್ರ. ಕೆಳಗೆ ಚಾಪೆಯ ಮೇಲೆ ಅವಳಿಗೆ ಏನು ಕೇಳಿಸುತ್ತದೆಂದು ಅವಳು ಯಾರಿಗೂ ಹೇಳಿರಲಿಲ್ಲ.

ಅಷ್ಟರಲ್ಲಿ ಹೊನ್ನಪ್ಪ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯಲು ಶುರು ಮಾಡಿದ್ದ. ಆಮೇಲಾಮೇಲೆ ಅವನ ಅಂಗಿಯ ಗುಂಡಿ ಹಾಕುವ ಕೆಲಸ ಅವನ ಹೆಂಡತಿಯದಾಯಿತು. ದೊಡ್ಡಮ್ಮನಿಗೆ ವಸಡಿನಲ್ಲಿ ರಕ್ತ, ಬಾಯಲ್ಲಿ ಸದಾ ಕಬ್ಬಿಣದ ರುಚಿ, ಕಣ್ಣಿಗೆ ನಿದ್ದೆ ಇಲ್ಲ. ಬೆಳಗ್ಗೆ ಏನೂ ಇಲ್ಲದ್ದಕ್ಕೆ ನನ್ನ ಮೇಲೆ ಹರಿಹಾಯುವುದು, ಮಧ್ಯಾಹ್ನ ಏನೂ ಇಲ್ಲದ್ದಕ್ಕೆ ಅಳುವುದು. ನಾನೇನು ಕಡಿಮೆಯೇ, ತಿರುಗಿ ಎರಡು ಮಾತು ಹೇಳುತ್ತಿದ್ದೆ, ಆಮೇಲೆ ಅವಳ ಕೈ ನೋಡಿ ಸುಮ್ಮನಾಗುತ್ತಿದ್ದೆ. ಹತ್ತಿಯ ಎಳೆ ಅವಳ ಬೆರಳ ತುದಿಯಲ್ಲಿ ಗಾಳಿಯಿಲ್ಲದೆಯೂ ಅಲ್ಲಾಡುತ್ತಿತ್ತು. ದೊಡ್ಡಪ್ಪನ ಕೈಯೂ ಕೊನೆಕೊನೆಗೆ ಹೀಗೆಯೇ ನಡುಗುತ್ತಿತ್ತು. ವಯಸ್ಸು ಅಂದುಕೊಂಡಿದ್ದೆವು. ಆದರೆ ಹೊನ್ನಪ್ಪನಿಗೆ ಎಂಥ ವಯಸ್ಸು?

ಹೊನ್ನಪ್ಪನನ್ನು ನೋಡಿದ ಡಾಕ್ಟರು ಯಾರಿಗೋ ಹೇಳಿದರಂತೆ. ಹಾಗಾಗಿ ವಸುಧಾ ಮೇಡಂ ಬಂದರು. ಪರಊರಿನವರು, ಸಣ್ಣ ವಯಸ್ಸು, ಹೆಗಲಿಗೆ ದೊಡ್ಡ ಪೆಟ್ಟಿಗೆ. ಕೆಲಸದ ಜಾಗಗಳಲ್ಲಿ ಗಾಳಿ ಅಳೆಯುವುದು ಅವರ ಕೆಲಸ. ಅದನ್ನು ಕೇಳಿ ಜುಬೇದಾ ಅವರಿಗೆ ಅಲ್ಲೇ ಗಾಳಿ ಮೇಡಂ ಎಂದು ಹೆಸರಿಟ್ಟಳು. ಅವರು ನಮ್ಮೆಲ್ಲರ ಸೊಂಟಕ್ಕೆ ಅಂಗೈಯಗಲದ ಒಂದೊಂದು ಪಂಪು ಕಟ್ಟಿ, ಅದರಿಂದ ಹೊರಟ ರಬ್ಬರು ಕೊಳವೆಯ ತುದಿಗೆ ಒಂದು ಗಾಜಿನ ನಳಿಕೆ ಸಿಕ್ಕಿಸಿ, ಆ ನಳಿಕೆಯನ್ನು ಭುಜದ ಮೇಲೆ ಸೆರಗಿಗೋ ಅಂಗಿಗೋ ಪಿನ್ನು ಹಾಕಿ ನಿಲ್ಲಿಸಿದರು. ನಳಿಕೆಯೊಳಗೆ ಸಾಸಿವೆಯಂಥ ಕಪ್ಪು ಕಾಳು. ನಾವು ಮೂಗಿನಿಂದ ಎಳೆದುಕೊಳ್ಳುವ ಗಾಳಿಯನ್ನೇ ಅದೂ ಎಳೆದುಕೊಳ್ಳುತ್ತದೆ, ಗಾಳಿಯಲ್ಲಿರುವ ಪಾದರಸ ಆ ಕಾಳಿಗೆ ಅಂಟುತ್ತದೆ, ಸಂಜೆ ತೆಗೆದು ನಗರಕ್ಕೆ ಕಳಿಸಿದರೆ ಎಷ್ಟು ಅಂತ ಗೊತ್ತಾಗುತ್ತದೆ ಎಂದು ವಿವರಿಸಿದರು. ಪಾದರಸ ಗಾಳಿಯಲ್ಲಿ ಹಾರುತ್ತದೆ ಎಂದರೆ ನಾವು ನಂಬಲಿಲ್ಲ. ಕಲ್ಲಿನ ಮೇಲೆ ಬಿದ್ದರೆ ಅಷ್ಟು ಭಾರವಾಗಿ ಉರುಳುವುದು ಹಾರುವುದು ಹೇಗೆ ಎಂದು ಹೊನ್ನಪ್ಪ ಕೇಳಿದ. ಬಿಸಿಯಾದರೆ ಏಳುತ್ತದೆ, ಕಣ್ಣಿಗೆ ಕಾಣಿಸುವುದಿಲ್ಲ ಅಷ್ಟೇ ಎಂದರು ಮೇಡಂ. ಕಣ್ಣಿಗೆ ಕಾಣದೆ ಬಿಸಿಗೆ ಏಳುವುದು ನಮಗೆ ಹೊಸದೇನಲ್ಲವಲ್ಲ. ನಾವು ತಲೆಯಾಡಿಸಿದೆವು.

ಕೆಲವು ವಾರ ಬಿಟ್ಟು ಅವರು ತಿರುಗಿ ಬಂದಾಗ ಮುಖದಲ್ಲಿ ಗೊಂದಲ ಇತ್ತು. ನಿಮ್ಮ ಕೋಣೆಯ ಗಾಳಿಯಲ್ಲಿ ಪಾದರಸ ಇದ್ದೂ ಇಲ್ಲದಷ್ಟು ಇದೆ ಎಂದು ಬಂದಿದೆ ಎಂದರು. ದೊಡ್ಡಮ್ಮ ಚಾಪೆಯಿಂದ ಎದ್ದು ಮನೆಯೊಳಗೆ ಹೋಗಿ ಕೊಬ್ಬರಿ ಮಿಠಾಯಿ ತಂದು ಎಲ್ಲರಿಗೂ ಹಂಚಿದಳು. ಅವಳು ನಕ್ಕದ್ದನ್ನು ನಾನು ಬಹಳ ದಿನದ ಮೇಲೆ ನೋಡಿದೆ. ಕಿಟಕಿಗಳು ಮುಚ್ಚಿಯೇ ಉಳಿದವು. ನನಗೂ ಸಂತೋಷವೇ ಆಯಿತು, ಸಂತೋಷ ಪಡಬೇಕೆಂದು ನಾನೇ ಹಟ ಹಿಡಿದಿದ್ದೆ. ಮೇಡಂ ಮಾತ್ರ ಮಿಠಾಯಿ ಕೈಯಲ್ಲಿ ಹಿಡಿದು, ಎರಡೂ ಕೈಯಲ್ಲಿ ಟೀ ಕುಡಿಯುತ್ತಿದ್ದ ಹೊನ್ನಪ್ಪನನ್ನೇ ನೋಡುತ್ತಿದ್ದರು.

ಆವತ್ತು ಅವರನ್ನು ಊಟಕ್ಕೆ ಉಳಿಸಿಕೊಂಡೆವು. ಬುತ್ತಿ ಬಿಚ್ಚಿ ಕೂತೆವು. ಜುಬೇದಾ ನನ್ನ ಹತ್ತಿರ ಉಪ್ಪಿನಕಾಯಿ ಕೇಳಬೇಕಿತ್ತು. ಕೇಳುವ ಮೊದಲು ತನ್ನ ಚಟ್ನಿ ಡಬ್ಬಿಗೆ ಮುಚ್ಚಳ ಹಾಕಿದಳು, ಕೇಳಿದಳು, ಮತ್ತೆ ತೆಗೆದಳು. ಇದೇನು ಇದು ಎಂದು ಮೇಡಂ ಕೇಳಿದರು. ಹೇಳಿದೆವು. ಅವರು ತುತ್ತು ಕೆಳಗಿಟ್ಟು, ಬಹಳ ಮೆಲ್ಲಗೆ, ಹಾಗಾದರೆ ಆವತ್ತು ನಿಮ್ಮ ಭುಜದ ಮೇಲೆ ಬಾಯಿ ತೆರೆದ ನಳಿಕೆ ಇತ್ತಲ್ಲ ಎಂದರು. ಅದನ್ನು ಕೇಳುವುದೇನಿದೆ, ಮಾತಾಡುವಾಗೆಲ್ಲ ಹೆಬ್ಬೆರಳಿನಿಂದ ಅದುಮಿ ಹಿಡಿದಿದ್ದೆವು ಎಂದೆ. ಅಷ್ಟು ಒಳ್ಳೆಯ ಸಾಮಾನಿನೊಳಗೆ ನಮ್ಮ ಹಾಳು ಹರಟೆ ತುಂಬಿ ನಗರಕ್ಕೆ ಕಳಿಸುವುದುಂಟೇ? ಜುಬೇದಾ ಹೆಮ್ಮೆಯಿಂದ, ತಾನು ಉದ್ದ ಕಥೆ ಹೇಳಬೇಕಾಗಿದ್ದರಿಂದ ಚಪಾತಿ ಹಿಟ್ಟಿನ ಉಂಡೆಯನ್ನೇ ಮೆತ್ತಿ ಬಿಗಿ ಮಾಡಿದ್ದೆ ಎಂದಳು. ಅವಳ ಕಥೆ ಬೆಳಗ್ಗೆ ಶುರುವಾದರೆ ಸಂಜೆಯವರೆಗೆ ಮುಗಿಯುವುದಿಲ್ಲ.

ಮೇಡಂ ಹಣೆ ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಮೇಲೆ ಒರೆಸಿಕೊಂಡು, “ನಾನು ಅಳೆದದ್ದು ನಿಮ್ಮ ಗಾಳೀನಲ್ಲ, ನಿಮ್ಮ ಮರ್ಯಾದೇನ” ಎಂದರು.

ಪೆಟ್ಟಿಗೆಯಲ್ಲಿ ಒಂದೇ ಒಂದು ನಳಿಕೆ ಉಳಿದಿತ್ತು. ಇನ್ನಷ್ಟು ತರಿಸಿ ಅವರು ಮತ್ತೆ ಈ ಕಡೆ ಬರುವುದೆಂದರೆ ಮುಂದಿನ ವರ್ಷವೇ. ಆ ಕೋಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಇರುವವರು ಯಾರು ಎಂದು ಕೇಳಿದರು. ನಾವೆಲ್ಲ ಚಾಪೆಯ ಕಡೆ ನೋಡಿದೆವು. ದೊಡ್ಡಮ್ಮ ಬೇಡ ಎಂದಳು. ಆಮೇಲೆ, ಆ ನಳಿಕೆ ಗಾಳಿಯಲ್ಲಿ ಇರುವುದನ್ನೆಲ್ಲ ಹಿಡಿಯುತ್ತದಾ ಎಂದು ಕೇಳಿದಳು. ಪಾದರಸವನ್ನು ಮಾತ್ರ ಎಂದರು ಮೇಡಂ. ನಮ್ಮೂರಲ್ಲಿ ಹಾಗೆ ಬಿಡಿಬಿಡಿಯಾಗಿ ಯಾವುದೂ ಹೋಗಲ್ಲಮ್ಮ ಎಂದಳು ದೊಡ್ಡಮ್ಮ. ನನಗೆ ರೇಗಿತು. ಹೊನ್ನಪ್ಪ ತನ್ನ ಅಂಗಿಗೆ ತಾನು ಗುಂಡಿ ಹಾಕಿಕೊಂಡು ಎಷ್ಟು ದಿನ ಆಯಿತು ಗೊತ್ತಾ ಎಂದು ಎಲ್ಲರೆದುರೇ ಕೇಳಿಬಿಟ್ಟೆ. ಹೊನ್ನಪ್ಪ ತಲೆ ತಗ್ಗಿಸಿದ. ಅವನ ತಗ್ಗಿದ ತಲೆಯನ್ನು ನೋಡಿ ದೊಡ್ಡಮ್ಮ ಆಯಿತು ಎಂದಳು.

ಒಂದೇ ಕರಾರು. ನಳಿಕೆಯನ್ನು ಮುಚ್ಚಬಾರದು ಅಂದರೆ ಆ ದಿನವೆಲ್ಲ ಕೋಣೆಯಲ್ಲಿ ಯಾರೂ ಮಾತಾಡಬಾರದು. ಎಲ್ಲರೂ ಒಪ್ಪಿದೆವು. ಜುಬೇದಾ ಮನೆಯಿಂದ ಹೊರಡುವ ಮುಂಚೆಯೇ ಬಾಯಿಗೆ ಅಡಿಕೆ ಹಾಕಿಕೊಂಡು ಬಂದಳು.

ಮೌನ ಅಂದರೆ ಏನೂ ಕೇಳಿಸದಿರುವುದು ಎಂದು ನಾನು ತಿಳಿದಿದ್ದೆ. ಆವತ್ತು ಮೊದಲು ಕೇಳಿಸಿದ್ದು ಗಾಜು. ಹೊನ್ನಪ್ಪನ ಕೈಯಲ್ಲಿದ್ದ ಕಡ್ಡಿ ಪಾದರಸದ ಬಟ್ಟಲಿನ ಅಂಚಿಗೆ ತಾಗಿ ಟಿಣ್ ಟಿಣ್ ಎನ್ನುತ್ತಿತ್ತು. ಪಾಪ, ಅವನು ಕೈಯನ್ನು ಮೇಜಿಗೆ ಒತ್ತಿ ಹಿಡಿದ. ಸದ್ದು ಸಣ್ಣದಾಯಿತು, ನಿಲ್ಲಲಿಲ್ಲ. ಆಮೇಲೆ ಜುಬೇದಾಳ ಮೇಜಿನಿಂದ ಅದೇ ಸದ್ದು, ಇನ್ನೂ ಮೆಲ್ಲಗೆ. ಚಾಪೆಯ ಕಡೆಯಿಂದ ಡಬ್ಬಿಯೊಳಗೆ ಕಡ್ಡಿಗಳು ಒಂದಕ್ಕೊಂದು ತಾಗುವ ಸದ್ದು. ಇನ್ನೂ ಒಂದು ಕೇಳಿಸುತ್ತಿತ್ತು. ಅದು ಯಾರದು ಎಂದು ಸುತ್ತ ನೋಡಿ, ಕೊನೆಗೆ ಕೆಳಗೆ ನೋಡಿದೆ. ನನ್ನ ಬೆರಳುಗಳ ನಡುವಿನ ಕಡ್ಡಿ ಗೆರೆ ಹಾಕುವ ಹಲಗೆಗೆ ತಾಗುತ್ತಿತ್ತು. ನನಗೆ ಹೆದರಿಕೆಯಾಯಿತು. ಇಷ್ಟು ದಿನ ನಮ್ಮ ಹರಟೆಯ ಕೆಳಗೆ ಕೋಣೆಯೆಲ್ಲ ಹೀಗೆ ಹಲ್ಲು ಕಡಿಯುತ್ತಿತ್ತು.

ಬಿಸಿಲು ಸಂದುಗಳ ಮೇಲೆ ಬಂತು. ಹನಿಗಳು ಒಂದೊಂದಾಗಿ ಹೊತ್ತಿಕೊಂಡವು. ಕೆಮ್ಮು ಎದ್ದಿತು. ಮೂಲೆಯಲ್ಲಿ ಕೂತಿದ್ದ ವಸುಧಾ ಮೇಡಂ ಬೆಚ್ಚಿ ಯಾರು ಕೆಮ್ಮಿದ್ದು ಎನ್ನುವ ಹಾಗೆ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ಪರಊರಿನವರಿಗೆ ಕೇಳಿಸುವುದು ಅಪರೂಪ. ಉರಿಯ ಮಾತು ಬಂತು, ಹೋಯಿತು. ಆಮೇಲೆ, ಮೊಣಕಾಲಿನ ಕೆಳಗಿನಿಂದ, ನಾನು ಎಂದೂ ಕೇಳಿರದ ಒಂದು ಮಾತು ನಿಧಾನಕ್ಕೆ ಬಂತು. ದೊಡ್ಡಪ್ಪ ಹೆಂಡತಿಯ ಹೆಸರು ಹಿಡಿದು ಕರೆದವರಲ್ಲ. “ಇವಳೇ, ಕಿಟಕಿ ತೆಗಿಯೇ. ಉಸಿರು ಕಟ್ತದೆ.” ಸ್ವಲ್ಪ ಬಿಟ್ಟು ಅದೇ ಮಾತು ಇನ್ನೊಂದು ಸಲ, ಇನ್ನಷ್ಟು ಸೋತ ದನಿಯಲ್ಲಿ.

ದೊಡ್ಡಮ್ಮ ಹತ್ತಿ ಸುತ್ತುವುದನ್ನು ನಿಲ್ಲಿಸಿರಲಿಲ್ಲ. ಅವಳಿಗೆ ಅದು ಹೊಸದಾಗಿರಲಿಲ್ಲ. ಅವಳ ಭುಜದ ಮೇಲಿನ ನಳಿಕೆ ಬಾಯಿ ತೆರೆದುಕೊಂಡು ಎಲ್ಲವನ್ನೂ ಹೀರುತ್ತಿತ್ತು.

ಸಂಜೆ ಮೇಡಂ ನಳಿಕೆ ತೆಗೆದು ಎರಡೂ ತುದಿಗೆ ಕೆಂಪು ಮುಚ್ಚಳ ಹಾಕಿದರು. ಇದನ್ನು ಅಲ್ಲಿ ಏನು ಮಾಡುತ್ತಾರೆ ಎಂದು ದೊಡ್ಡಮ್ಮ ಕೇಳಿದಳು. ಒಡೆದು, ಕಾಳನ್ನು ಆಸಿಡ್ಡಿನಲ್ಲಿ ಕರಗಿಸುತ್ತಾರೆ ಎಂದರು ಮೇಡಂ. ಒಂದು ಗಳಿಗೆ ಕೊಡಿ ಎಂದು ಅದನ್ನು ಇಸಿದುಕೊಂಡು ದೊಡ್ಡಮ್ಮ ಹಿತ್ತಲಿಗೆ ಹೋದಳು. ಮೇಡಂ ತಡೆಯಲಿಲ್ಲ. ನಾನು ಹಿಂದೆಯೇ ಹೋದೆ.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅವಳು ನಳಿಕೆಯನ್ನು ಮುಷ್ಟಿಯಲ್ಲಿ ಬಿಸಿ ಮಾಡಿ ಕಿವಿಗೆ ಹಿಡಿದಿದ್ದಳು. ಒಂದು ಕಡೆಯ ಮುಚ್ಚಳವನ್ನು ಕೂದಲೆಳೆಯಷ್ಟು ಸಡಿಲಿಸಿದ್ದಳು. ನನಗೂ ಕೇಳಿಸಿತು, ಬಹಳ ಸಣ್ಣಗೆ, ಗೋಡೆಯಾಚೆ ಯಾರೋ ಕರೆದಂತೆ. ಮುಚ್ಚಳ ಬಿಗಿ ಮಾಡಿ ಅವಳು ಅದನ್ನು ಮಡಿಲಲ್ಲಿಟ್ಟುಕೊಂಡಳು. ಅದು ಅವಳಲ್ಲೇ ಉಳಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ, ಕೋಣೆ ಇದ್ದ ಹಾಗೇ ಇರುತ್ತದೆ, ಅವಳ ಗಂಡನೂ ಇದ್ದಲ್ಲೇ ಇರುತ್ತಾರೆ. ಕೊಟ್ಟರೆ ನಳಿಕೆಯಲ್ಲಿರುವುದೂ ಹೋಯಿತು, ಕೋಣೆಯಲ್ಲಿರುವುದೂ ಹೋಯಿತು. ಇಷ್ಟನ್ನೂ ಅವಳು ಲೆಕ್ಕ ಹಾಕಿ ಕೂತಿದ್ದಾಳೆಂದು ನೋಡಿದರೇ ತಿಳಿಯುತ್ತಿತ್ತು.

“ದಿನಾ ಇದನ್ನೇ ಹೇಳ್ತಿದ್ರಾ?” ಎಂದೆ.

“ಬದುಕಿದ್ದಾಗ್ಲೂ ಇದನ್ನೇ ಹೇಳ್ತಿದ್ರು. ಒಂದು ಸಲಕ್ಕೆ ನಾನು ಎದ್ದೋಳಲ್ಲ. ಎರಡನೇ ಸಲ ಹೇಳ್ಬೇಕಿತ್ತು. ಆವಾಗ ಎದ್ದು ತೆಗೀತಿದ್ದೆ.”

“ಮತ್ತೆ ಆಮೇಲೆ ಯಾಕೆ ತೆಗೀಲಿಲ್ಲ ದೊಡ್ಡಮ್ಮ? ಅವ್ರೇ ಹೇಳ್ತಿದ್ರಲ್ಲ.”

“ತೆಗೆದುಬಿಟ್ರೆ, ತೆಗಿ ಅನ್ನೋರು ಯಾರಿರ್ತಾರೆ ದಾಕ್ಷಿ?”

ಅವಳನ್ನು ಬೈಯಬೇಕೆಂದು ಬಂದವಳು ನಾನು. ಬಾಯಲ್ಲಿ ಸಾಲಾಗಿ ಮಾತು ಜೋಡಿಸಿಕೊಂಡಿದ್ದೆ. ಅವಳ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತೆ, ಅಷ್ಟೇ. ಅಳು ಬಂತು, ಅತ್ತೆ. ಅವಳು ನನ್ನ ಕೈಯನ್ನು ಎತ್ತಿ ತನ್ನ ಅಂಗೈ ಮೇಲೆ ಇಟ್ಟುಕೊಂಡು, ಹಸಿ ಮೊಟ್ಟೆಯನ್ನು ನೋಡುವ ಹಾಗೆ ನೋಡಿದಳು. ಅವಳ ಕೈ ನಡುಗುತ್ತಿದ್ದುದರಿಂದ ನನ್ನದು ಎಷ್ಟು ನಡುಗುತ್ತಿದೆ ಎಂದು ಅವಳಿಗೆ ಸರಿಯಾಗಿ ತಿಳಿಯಲಿಲ್ಲ. ಕೈಯನ್ನು ಕಲ್ಲಿನ ಮೇಲಿಟ್ಟಳು, ತನ್ನದನ್ನು ತೆಗೆದಳು, ಮತ್ತೆ ನೋಡಿದಳು. ನನ್ನ ಗಾಜಿನ ಬಳೆಗಳು ಕಲ್ಲಿಗೆ ತಾಗಿ ಸದ್ದು ಮಾಡುತ್ತಿದ್ದವು.

“ಒಳಗೆ ಕೇಳಿಸ್ತಲ್ಲ, ನಾಲ್ಕನೇದು. ಅದು ನಿಂದೇನಾ?”

ಹೌದೆಂದೆ. ಅವಳು ಎದ್ದು ಒಳಗೆ ಹೋಗಿ ನಳಿಕೆಯನ್ನು ಮೇಡಂ ಕೈಗೆ ಕೊಟ್ಟು, ಜೋಪಾನ ಅಮ್ಮ, ಒಳಗೆ ಮನುಷ್ಯರಿದ್ದಾರೆ ಎಂದಳು. ಮೇಡಂ ಅದನ್ನು ಪೆಟ್ಟಿಗೆಯಲ್ಲಿಡಲಿಲ್ಲ. ತಮ್ಮ ಕರವಸ್ತ್ರದಲ್ಲಿ ಸುತ್ತಿ ಎದೆಯ ಹತ್ತಿರ ಜೇಬಿನಲ್ಲಿಟ್ಟುಕೊಂಡರು.

ಬಂದ ಉತ್ತರ ನಮಗೆ ಆಗಲೇ ಗೊತ್ತಿದ್ದದ್ದೇ. ಮನುಷ್ಯರು ಉಸಿರಾಡಬಹುದಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹೊನ್ನಪ್ಪ ಪಾದರಸದ ಮೇಜು ಬಿಡಬೇಕು, ನೆಲದ ಸಂದುಗಳಿಗೆ ಗಂಧಕದ ಪುಡಿ ಹಾಕಿ ಹನಿಗಳನ್ನೆಲ್ಲ ತೆಗೆದು ಸಂದು ಮುಚ್ಚಬೇಕು, ಮೇಜಿನ ಮೇಲೆ ಗಾಳಿ ಎಳೆಯುವ ಫ್ಯಾನು ಕೂರಿಸಬೇಕು, ಆ ಕೋಣೆಯಲ್ಲಿ ಇನ್ನು ಮುಂದೆ ಊಟ ಟೀ ಕೂಡದು. ಎಲ್ಲಕ್ಕಿಂತ ಮೊದಲು ಕಿಟಕಿಗಳು. ಮೇಡಂ ಹೇಳುತ್ತ ಹೋದ ಹಾಗೆ ದೊಡ್ಡಮ್ಮ ಒಂದೊಂದಕ್ಕೂ ಹೂಂ ಎಂದಳು, ಕಿಟಕಿಗೂ ಅದೇ ದನಿಯಲ್ಲಿ ಹೂಂ ಎಂದಳು.

ಒಂದು ಮಧ್ಯಾಹ್ನ ಬೀದಿಯವರೆಲ್ಲ ಕಾರ್ಖಾನೆಯ ಕಿಟಕಿಗಳ ಕೆಳಗೆ ನಿಂತೆವು. ತಡವಾಗಿ ಬಂದ ತಿಥಿ ಅದು. ಸಾವಂತ್ರಕ್ಕ ಮತ್ತು ಅವಳ ನಾದಿನಿ ಬೇರೆಬೇರೆ ಕಡೆಯಿಂದ ಬಂದು ಅಕ್ಕಪಕ್ಕದಲ್ಲೇ ನಿಂತರು. ವಸುಧಾ ಮೇಡಂ ದುಪಟ್ಟಾ ತಲೆಯ ಮೇಲೆ ಎಳೆದುಕೊಂಡು ನನ್ನ ಪಕ್ಕದಲ್ಲಿದ್ದರು. ಒಳಗೆ ಉರಿಗಳನ್ನೆಲ್ಲ ಹೊತ್ತಿಸಿಟ್ಟು ಕೋಣೆ ಚೆನ್ನಾಗಿ ಕಾಯುವವರೆಗೆ ದೊಡ್ಡಮ್ಮ ಹೊರಗೆ ನಮ್ಮ ಜತೆಯೇ ಕಾದಳು. ಆಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಬ್ಬಳೇ ಒಳಗೆ ಹೋದಳು. ತುಕ್ಕು ಹಿಡಿದ ಚಿಲಕ ಒಂದೊಂದಾಗಿ ಕಿರುಗುಟ್ಟಿತು.

ಬೆಚ್ಚನೆಯ ಗಾಳಿ ನಮ್ಮ ತಲೆಯ ಮೇಲಿಂದ ಹಾದಿತು. ಕೆಮ್ಮು ಹೋಯಿತು. ಉರಿ ಸಣ್ಣ ಮಾಡು ಹೊನ್ನ ಎಂಬ ಮಾತು ಹೋಯಿತು. ನನ್ನ ಮುಂದೆ ನಿಂತಿದ್ದ ಹೊನ್ನಪ್ಪನ ಬೆರಳುಗಳು ತಾವೇ, ಕೈಯಲ್ಲಿಲ್ಲದ ಉರಿಯ ತಿರುಪು ತಿರುಗಿಸಿದವು. ಆಮೇಲೆ ಎಂದೂ ಕೇಳದ ಸಣ್ಣಪುಟ್ಟ ಮಾತುಗಳು, ನೆಲಕ್ಕಂಟಿದ್ದವು, ಬಂದವು. ಗಾಜು ಬಂತಾ ಎಂದು ಒಂದು. ಮಳೆ ಬರೋ ಹಾಗಿದೆ ಎಂದು ಒಂದು. “ದಾಕ್ಷಿ ಉಂಡ್ಲಾ?” ಎಂದು ಒಂದು. ನಾನು ಮೇಲೆ ನೋಡಿದೆ, ನೋಡಲು ಏನಿತ್ತು, ಬರೀ ಬಿಸಿಲು. ಎಲ್ಲಕ್ಕಿಂತ ಕೊನೆಗೆ, ನಿಧಾನಕ್ಕೆ, ಕಿಟಕಿಯ ಅಂಚಿನ ಮೇಲೆ ಒಂದು ಕ್ಷಣ ತಂಗಿ, ಆ ಮಾತು ಬಂತು.

“ಇವಳೇ, ಕಿಟಕಿ ತೆಗಿಯೇ.”

ಒಳಗಿನಿಂದ ದೊಡ್ಡಮ್ಮನ ದನಿ ಬೀದಿಗೆಲ್ಲ ಕೇಳಿಸಿತು.

“ತೆಗ್ದಿದೀನಿ ಕಣ್ರೀ.”

ಎರಡನೆಯ ಸಲ ಹೇಳುವುದನ್ನು ನಾವು ಕಾದೆವು. ಅದು ಬರಲಿಲ್ಲ. ಸ್ನಾನ ಮಾಡಿ ಊಟಕ್ಕೆ ಕೂತೆವು.

ಈಗ ನೆಲದ ಸಂದುಗಳಲ್ಲಿ ಏನೂ ಹೊಳೆಯುವುದಿಲ್ಲ. ಮೇಜಿನ ಮೇಲೆ ಫ್ಯಾನು ಗುಂಯ್ ಎನ್ನುತ್ತದೆ. ಉರಿಗಳ ಸುತ್ತ ತಗಡಿನ ಮರೆ ಇಟ್ಟಿದ್ದೇವೆ, ಗಾಳಿಗೆ ಅಲುಗುವುದಿಲ್ಲ. ಹೊನ್ನಪ್ಪ ಹತ್ತಿ ಸುತ್ತುವ ಕೆಲಸ ಮಾಡುತ್ತಾನೆ. ಮೇಲಿನ ಎರಡು ಗುಂಡಿ ತಾನೇ ಹಾಕಿಕೊಂಡೆ ಎಂದು ಮೊನ್ನೆ ತೋರಿಸಿದ. ಉಳಿದದ್ದು ಬರುತ್ತದೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲ. ನನ್ನ ಬಳೆಗಳು ಸುಮ್ಮನಾಗಿವೆ. ದೊಡ್ಡಮ್ಮನಿಗೆ ನಿದ್ದೆ ಬರುತ್ತದಂತೆ. ಅವಳು ಚಾಪೆ ಬಿಟ್ಟು ಸ್ಟೂಲಿಗೆ ಬಂದಿದ್ದಾಳೆ, ಅದೂ ಕೊನೆಯ ಕಿಟಕಿಯ ಪಕ್ಕಕ್ಕೇ.

ಒಂದು ದಿನ ಮಧ್ಯಾಹ್ನ ನೋಡಿದರೆ ಎಲ್ಲ ಕಿಟಕಿ ತೆರೆದಿದ್ದವು, ಆ ಕೊನೆಯದೊಂದು ಮುಚ್ಚಿತ್ತು. ಬೆಳಗ್ಗೆ ನಾನೇ ತೆರೆದಿದ್ದೆ. ಗಾಳಿ ಮೇಡಂ ಅಷ್ಟು ಹೇಳಿ ಹೋದರೂ ಇದೇನು ಎಂದು ಸಿಡುಕುತ್ತ ಎದ್ದೆ. ದೊಡ್ಡಮ್ಮ ನನ್ನನ್ನು ನೋಡುತ್ತಿರಲಿಲ್ಲ. ತೊಡೆಯ ಮೇಲೆ ಕೈ ಇಟ್ಟುಕೊಂಡು, ಯಾವುದಕ್ಕೋ ಕಿವಿಗೊಟ್ಟು ಕೂತಿದ್ದಳು. ನನಗೆ ಅರ್ಥವಾಯಿತು. ತಿರುಗಿ ನನ್ನ ಜಾಗದಲ್ಲಿ ಕೂತೆ. ಜುಬೇದಾ ಕಥೆ ನಿಲ್ಲಿಸಿದಳು.

“ದೊಡ್ಡಮ್ಮ, ಕಿಟಕಿ ತೆಗಿಯೇ. ಉಸಿರು ಕಟ್ತದೆ,” ಎಂದೆ.

ಅವಳು ಕೇಳಿಸದವಳ ಹಾಗೆ ಕೂತಿದ್ದಳು. ಆವತ್ತಿನಿಂದ ದಿನಾ ಮಧ್ಯಾಹ್ನ ನಮ್ಮಲ್ಲಿ ಯಾರಾದರೊಬ್ಬರು ಹೇಳುತ್ತೇವೆ. ಒಂದು ಸಲಕ್ಕೆ ಅವಳು ಏಳುವುದಿಲ್ಲ. ಎರಡನೆಯ ಸಲ ಹೇಳಬೇಕು. ಆಗ, ಬಂದೆ ಇರಿ ಎಂದು ಗೊಣಗುತ್ತ, ಮೊಣಕಾಲು ಹಿಡಿದುಕೊಂಡು ಎದ್ದು ಹೋಗಿ ತೆಗೆಯುತ್ತಾಳೆ.